ಓದುಗರ ಪ್ರಶ್ನೆ: ರಾಣಿ ಛಾಪಿನ ರೂಪಾಯಿಗೆ ಎಷ್ಟು ಬೆಲೆ?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1862 (ವಿಕ್ಟೋರಿಯಾ ರಾಣಿಯದು), 1907, 1919 ಮತ್ತು 1944ರ ರೂಪಾಯಿ ನಾಣ್ಯಗಳು ಸಿಕ್ಕಿವೆ. ಪತ್ತಾರರು ಎಲ್ಲವನ್ನೂ ಒಟ್ಟಿಗೆ ತೂಗಿ ಬೆಳ್ಳಿ ದರಕ್ಕೆ ಕೇಳುತ್ತಿದ್ದಾರೆ. ಕೊಡಬಹುದೇ? ಅಸಲಿ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಒಟ್ಟಿಗೆ ತೂಗಿ ಕೊಡಬೇಡಿ. ನಾಲ್ಕರ ತೂಕವೂ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಆದರೆ ಬೆಳ್ಳಿ ಒಂದೇ ಅಲ್ಲ. ಮೊದಲ ಮೂರರಲ್ಲಿ ಶೇ. 91.7 ಬೆಳ್ಳಿ ಇದೆ, ಒಂದಕ್ಕೆ 10.69 ಗ್ರಾಂ. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಹಾಗಾಗಿ ನಿಮ್ಮ 1944ರದ್ದರಲ್ಲಿ ಇರುವುದು 5.83 ಗ್ರಾಂ ಮಾತ್ರ. ಎಲ್ಲಕ್ಕೂ ಒಂದೇ ದರ ಕಟ್ಟಿದರೆ ನಷ್ಟ ನಿಮಗೇ.

ಅಸಲಿ ನೋಡಲು 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ಬಹಳ ಕೈ ಬದಲಾಯಿಸಿ ಸವೆದದ್ದು 11.4 ಗ್ರಾಂವರೆಗೆ ಇಳಿದಿರಬಹುದು, ಅದು ದೋಷವಲ್ಲ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ಆಗ ತೋರುವ ಅಂಕಿಯಿಂದ ಭಾಗಿಸಿದರೆ ಹಳೆಯ ಬೆಳ್ಳಿಗೆ 10.3ರ ಆಸುಪಾಸು ಬರಬೇಕು. ಅಂದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ. 1944ರದ್ದಕ್ಕೆ 1.22ರ ಹತ್ತಿರ ಬರುತ್ತದೆ. 1862ರ ನಾಣ್ಯ 1.35 ತೋರಿಸಿದರೆ ಅದು ಹಿತ್ತಾಳೆಯಂಥ ಬೆರಕೆ ಲೋಹ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಸುಳ್ಳೇ ಹೆಚ್ಚಾಗುತ್ತದೆ, ಅಲ್ಲಾಡಿಸಿ ಮತ್ತೆ ನೋಡಿ. ಎರಕದ ನಕಲಿಯಲ್ಲಿ ಸೂಜಿಮೊನೆಯಷ್ಟು ಕುಳಿಗಳೂ ಅಂಚಿನ ಸುತ್ತ ಬೆಸುಗೆಯಂಥ ಗೆರೆಯೂ ಕಾಣುತ್ತವೆ.

ಇಸವಿ ಹಳೆಯದೆಂದು ಬೆಲೆ ಏರುವುದಿಲ್ಲ. 1862 ಎಂಬ ಇಸವಿಯನ್ನೇ ಇಟ್ಟು 1874ರವರೆಗೂ ಟಂಕಿಸಿದ್ದರಿಂದ ಅದು ಧಾರಾಳವಾಗಿ ಸಿಗುತ್ತದೆ. 1919ರ ನಾಣ್ಯದ ಹಿಂಬದಿ, ಕೆಳಗಿನ ಕಮಲದಡಿ ಉಬ್ಬಿದ ಚುಕ್ಕಿ ಇದ್ದರೆ ಮುಂಬೈ ಟಂಕಸಾಲೆಯದು, ಇಲ್ಲದಿದ್ದರೆ ಕೋಲ್ಕತ್ತದ್ದು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತಲ್ಲ, ಚುಕ್ಕಿಯವೇ ಇಲ್ಲಿ ಹೆಚ್ಚು. ಸವೆದಿದ್ದರೆ ಇವಕ್ಕೆಲ್ಲ ಬೆಳ್ಳಿಯ ಬೆಲೆ, ಮೇಲೆ ಸ್ವಲ್ಪ. ಹುಬ್ಬು, ಕಿರೀಟದ ಮುತ್ತು, ಅಂಗಿಯ ಕಸೂತಿ ಸ್ಪಷ್ಟವಾಗಿದ್ದು ಮೂಲ ಹೊಳಪು ಉಳಿದಿದ್ದರೆ ಮಾತ್ರ ಸಂಗ್ರಾಹಕರು ಹಲವು ಪಟ್ಟು ಕೊಡುತ್ತಾರೆ.

ಪೆಟ್ಟಿಗೆಯಲ್ಲಿ 1911 ಮತ್ತು 1939ರ ರೂಪಾಯಿ ಇವೆಯೇ ಎಂದು ಹುಡುಕಿ. 1911ರದ್ದರಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡಿತು. ಜನ ಸಿಟ್ಟಾದ ಮೇಲೆ ಅದನ್ನು ಹಿಂತೆಗೆದು, 1912ರಲ್ಲಿ ಆನೆಯನ್ನು ತಿದ್ದಿದರು. 1939ರದ್ದು ನಿಜಕ್ಕೂ ವಿರಳ, ಅದಕ್ಕೇ ನಕಲಿಯೂ ಹೆಚ್ಚು. ನೀರಿನ ಪರೀಕ್ಷೆ ಮಾಡದೆ ಕೊಳ್ಳಲೂ ಬೇಡಿ, ಮಾರಲೂ ಬೇಡಿ.

ಇನ್ನೊಂದು. ನಮ್ಮ ಕಡೆ ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡುತ್ತಿದ್ದರು. ಕೊಂಡಿ ತೆಗೆದು ಉಜ್ಜಿದ ಗುರುತು ತಲೆಯ ಮೇಲ್ಗಡೆಯ ಅಂಚಿನಲ್ಲಿ ಉಳಿದಿರುತ್ತದೆ. ಅಂಥದ್ದು ಎಷ್ಟೇ ವಿರಳವಾದರೂ ಬೆಲೆ ಬಹಳ ಇಳಿಯುತ್ತದೆ.

ಪ್ರಶ್ನೆ: ರಾಮ, ಸೀತೆ, ಹನುಮಂತ ಇರುವ 1818ರ ಒಂದಾಣೆ ತಾಮ್ರದ ನಾಣ್ಯವಿದೆ. ಅಕ್ಕಿ ಎಳೆಯುತ್ತದೆ, ಕೋಟಿ ಬಾಳುತ್ತದೆ ಎನ್ನುತ್ತಾರೆ.
– ಓದುಗರೊಬ್ಬರು, ಗೋಕಾಕ

ಉತ್ತರ: ಇದು ಈಸ್ಟ್ ಇಂಡಿಯಾ ಕಂಪನಿ ಸರಕಾರದ ನಾಣ್ಯವೇ ಅಲ್ಲ, ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ. ಬ್ರಿಟಿಷ್ ಇಂಡಿಯಾದ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದೇ 1907ರಲ್ಲಿ, ಅದೂ ಅಂಚು ಅಲೆಅಲೆಯಾದ ತಾಮ್ರ-ನಿಕ್ಕಲ್‌ನಲ್ಲಿ. ತಾಮ್ರಕ್ಕೆ ಅಕ್ಕಿ ಎಳೆಯುವ ಗುಣವಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಹಚ್ಚಿ ಅಯಸ್ಕಾಂತದಿಂದ ಎಳೆಸಿ ತೋರಿಸುತ್ತಾರೆ. ‘ಪರೀಕ್ಷೆ ಖರ್ಚು’ ಎಂದು ಮುಂಗಡ ಕೇಳಿದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಹಳೆಯ ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ಕಪ್ಪಾದ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಬಹುದೇ?
– ಓದುಗರೊಬ್ಬರು, ಇಂಡಿ

ಉತ್ತರ: ಬೇಡ. ಹುಣಸೆ, ನಿಂಬೆ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹುಳಿ ಮೇಲ್ಪದರವನ್ನು ತಿನ್ನುತ್ತದೆ, ಪುಡಿ ಗೀರುತ್ತದೆ, ಒಮ್ಮೆ ಹೋದ ಮೂಲ ಹೊಳಪು ಮರಳುವುದಿಲ್ಲ. ಆ ಕಪ್ಪನ್ನೇ ನೋಡಿ ಸಂಗ್ರಾಹಕರು ನಂಬುತ್ತಾರೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಲ್ಲಿ ನೆನೆಸಿ, ಉಜ್ಜದೆ ಮೆತ್ತನೆ ಬಟ್ಟೆಗೆ ಒತ್ತಿ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಲಕೋಟೆಯಲ್ಲಿಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಇಟ್ಟರೆ ವರ್ಷಗಳಲ್ಲಿ ಹಸಿರು ಜಿಡ್ಡು ಹಿಡಿದು ಲೋಹ ಕೆಡುತ್ತದೆ.