ಆರೋಗ್ಯ ಪ್ರಶ್ನೋತ್ತರ: ವರದಿಯ ದಪ್ಪಕ್ಷರಕ್ಕೆ ಎಷ್ಟು ಹೆದರಬೇಕು?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ ಲ್ಯಾಬಿನವರು ಮರುದಿನ ಮೊಬೈಲಿಗೆ ಕಳುಹಿಸಿದ ವರದಿಯಲ್ಲಿ ಕ್ರಿಯಾಟಿನಿನ್ 1.4 ಎಂದಿದೆ. ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಪಕ್ಕದಲ್ಲಿ ‘ಎಚ್’ ಎಂದು ಗುರುತು ಹಾಕಿದ್ದಾರೆ, ಮಿತಿ 0.7ರಿಂದ 1.3 ಎಂದು ಬರೆದಿದ್ದಾರೆ. ಇನ್ನು ಡಯಾಲಿಸಿಸ್ಸೇ ಗತಿ ಎಂದು ನೆರೆಮನೆಯವರು ಹೇಳಿದಂದಿನಿಂದ ತಂದೆಯವರು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಈ ‘ಎಚ್’ ಎಂದರೇನು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ‘ಎಚ್’ ಎಂಬುದು ‘ಹೈ’ ಎಂಬ ಪದದ ಮೊದಲಕ್ಷರ, ಅಷ್ಟೇ. ಅದನ್ನು ಹಾಕಿದ್ದು ನಿಮ್ಮ ತಂದೆಯವರನ್ನು ಕಂಡ ವೈದ್ಯರಲ್ಲ, ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿದ ಕಂಪ್ಯೂಟರ್. ಆರೋಗ್ಯವಂತರಾದ ಬಹಳಷ್ಟು ಜನರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ನೂರಕ್ಕೆ 95 ಮಂದಿಯ ಅಂಕಿಗಳು ಯಾವ ಎರಡು ಸಂಖ್ಯೆಗಳ ನಡುವೆ ಬರುತ್ತವೆಯೋ ಅದನ್ನೇ ಸಾಮಾನ್ಯವಾಗಿ ಮಿತಿಯೆಂದು ಮುದ್ರಿಸುತ್ತಾರೆ. ಹೊರಗುಳಿದ ಐವರೂ ಆರೋಗ್ಯವಂತರೇ ಎಂಬುದನ್ನು ವರದಿ ಹೇಳುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಯಾವ ಕಾಯಿಲೆಯೂ ಇಲ್ಲದ ಒಬ್ಬರಿಗೆ ಮಾಡಿಸಿದರೆ, ಅವುಗಳಲ್ಲಿ ಒಂದಾದರೂ ಮಿತಿ ದಾಟುವ ಸಂಭವ ನೂರಕ್ಕೆ 64ರಷ್ಟಿರುತ್ತದೆ. ‘ಫುಲ್ ಬಾಡಿ ಚೆಕಪ್’ ಎಂದು ಒಂದೇ ಏಟಿಗೆ 60–70 ಪರೀಕ್ಷೆ ಮಾಡಿಸಿಕೊಂಡು ಬಂದವರ ವರದಿಯಲ್ಲಿ ಒಂದೂ ದಪ್ಪಕ್ಷರ ಕಾಣದಿದ್ದರೆ ನನಗೇ ಆಶ್ಚರ್ಯವಾಗುತ್ತದೆ.

ಹಾಗೆಂದು ಈ ವರದಿಯನ್ನು ಮಡಚಿ ಕಪಾಟಿನಲ್ಲಿಡಿ ಎಂದು ನಾನು ಹೇಳಲಾರೆ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳು ದಿನವೂ ಹೊರಹಾಕುವ ತ್ಯಾಜ್ಯ. ಅದನ್ನು ಸೋಸಿ ಮೂತ್ರಕ್ಕೆ ಸೇರಿಸುವುದು ಕಿಡ್ನಿಯ ಕೆಲಸ. ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಅದು ಏರುತ್ತದೆ. ಆದರೆ ಹಿಂದಿನ ರಾತ್ರಿ ಮಟನ್ ಊಟ ಮಾಡಿದ್ದರೂ, ಬೇಸಿಗೆಯಲ್ಲಿ ನೀರು ಸಾಲದೆ ಹೋದರೂ, ಮೊಣಕಾಲು ನೋವಿಗೆಂದು ಡೈಕ್ಲೋಫಿನ್ಯಾಕ್‌ನಂತಹ ಮಾತ್ರೆಗಳನ್ನು ತಾವಾಗಿಯೇ ನುಂಗುತ್ತಿದ್ದರೂ ಅದು ಏರಬಹುದು. ಈ ಮೂರನ್ನೂ ಮೊದಲು ತಂದೆಯವರಲ್ಲಿ ವಿಚಾರಿಸಿ.

ಬಳಿಕ ಅದೇ ವರದಿಯಲ್ಲಿ ‘ಇಜಿಎಫ್‌ಆರ್’ ಎಂಬ ಸಾಲು ಇದೆಯೇ ನೋಡಿ. ವಯಸ್ಸನ್ನೂ ಗಂಡು–ಹೆಣ್ಣೆಂಬುದನ್ನೂ ಸೇರಿಸಿ, ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂದು ಅಂದಾಜು ಮಾಡುವ ಲೆಕ್ಕ ಅದು. 71 ವರ್ಷದ ಗಂಡಸಿಗೆ 1.4 ಎಂದರೆ ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಸುಮಾರು 54 ಬರುತ್ತದೆ. ಅದು 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆಯೆಂದು ಎಣಿಸುತ್ತಾರೆ. ಕಿಡ್ನಿ ವೈಫಲ್ಯದ ಮಾತು ಬರುವುದು ಅದು 15ಕ್ಕಿಂತ ಕೆಳಗಿಳಿದಾಗ, ಡಯಾಲಿಸಿಸ್ಸಿನ ವಿಚಾರ ಅದರ ನಂತರದ್ದು. ಹಾಗಾಗಿ ನೆರೆಮನೆಯವರು ಬಹಳ ದೂರ ಓಡಿದ್ದಾರೆ. ನೀವು ಮಾಡಬೇಕಾದದ್ದು ವೈದ್ಯರನ್ನು ಕಂಡು ಬಿಪಿ ಮತ್ತು ಸಕ್ಕರೆಯನ್ನು ನೋಡಿಸುವುದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು ಮತ್ತು ಅವರು ಹೇಳಿದ ದಿನ ಕ್ರಿಯಾಟಿನಿನ್ ಮತ್ತೊಮ್ಮೆ ಮಾಡಿಸುವುದು.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ 75 ವರ್ಷದ ಅಜ್ಜಿಯಿದ್ದು ಅವರ ಕ್ರಿಯಾಟಿನಿನ್ 1.0 ಬಂದರೆ, ಅದು ಹೆಂಗಸರ ಮಿತಿಯೊಳಗೇ ಇರುವುದರಿಂದ ಯಾವ ದಪ್ಪಕ್ಷರವೂ ಬೀಳುವುದಿಲ್ಲ; ಆದರೆ ಲೆಕ್ಕ ಹಾಕಿದರೆ ಅವರದೂ 60ರ ಕೆಳಗೇ ನಿಲ್ಲುತ್ತದೆ. ಅವರು ಸೊರಗಿದವರಾಗಿದ್ದರೆ ಸ್ನಾಯು ಕಡಿಮೆಯಾದ್ದರಿಂದ ನಿಜಸ್ಥಿತಿ ಅದಕ್ಕಿಂತಲೂ ಕೆಳಗಿರಬಹುದು. ಗುರುತಿಲ್ಲದ ಸಾಲನ್ನು ಯಾರೂ ಓದುವುದಿಲ್ಲ ಎಂಬುದೇ ನನ್ನ ಚಿಂತೆ.

ಪ್ರಶ್ನೆ: ಊರಿನಿಂದ ಬಂದಿದ್ದ ಅಮ್ಮನಿಗೆ ವಾಂತಿ–ಭೇದಿಯಾಗಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎರಡು ದಿನ ಇರಿಸಿದ್ದೆವು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಅಕ್ಯೂಟ್ ಗ್ಯಾಸ್ಟ್ರೋಎಂಟರೈಟಿಸ್’ ಎಂದು ಬರೆದಿರುವುದನ್ನು ನೋಡಿ ಗಾಬರಿಯಾಯಿತು. ಅಲ್ಲಿನ ಡಾಕ್ಟರರು ಮರಾಠಿ, ಹಿಂದಿಯಲ್ಲಿ ಕೇಳುತ್ತಿದ್ದರು, ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನಾನು ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ.
— ಓದುಗರೊಬ್ಬರು, ಚೆಂಬೂರು

ಉತ್ತರ: ‘ಅಕ್ಯೂಟ್’ ಎಂದರೆ ಅಪಾಯಕಾರಿ ಎಂದಲ್ಲ, ಹೊಸದಾಗಿ ಥಟ್ಟನೆ ಬಂದದ್ದು ಎಂದರ್ಥ, ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವಂಥದ್ದು. ಎರಡೂ ಕಾಲವನ್ನು ಹೇಳುವ ಪದಗಳು, ತೀವ್ರತೆಯನ್ನಲ್ಲ. ಸಾಮಾನ್ಯ ನೆಗಡಿಯೂ ಅಕ್ಯೂಟೇ. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತವೆಂದು ತಿಳಿಯಿರಿ: ಇಲ್ಲಿ ಹೊಟ್ಟೆ ಮತ್ತು ಕರುಳಿನದು.

ಭಾಷೆಯ ವಿಚಾರದಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದೇ. ನಾನು ತರಬೇತಿಯಲ್ಲಿದ್ದಾಗ ಗದಗದ ಕಡೆಯ ವೃದ್ಧೆಯೊಬ್ಬರು “ಭಾಳ ಸುಸ್ತು ಆಗತೈತಿ” ಎಂದದ್ದನ್ನು ಅವರ ಮಗ “ಸುಸ್ತಿ ಬಹುತ್ ಹೈ” ಎಂದು ಹಿಂದಿಗೆ ತಿರುಗಿಸಿದ. ಹಿಂದಿಯಲ್ಲಿ ಸುಸ್ತಿಯೆಂದರೆ ಸೋಮಾರಿತನ, ಜಡತನ. ಕೇಸ್ ಪೇಪರಿನ ಮೇಲೆ ಬಾಗಿದ್ದ ಕಿರಿಯ ವೈದ್ಯರು ತಲೆಯನ್ನೂ ಎತ್ತದೆ, ಬೆಳಿಗ್ಗೆ ಸ್ವಲ್ಪ ನಡೆಯಲು ಹೇಳಿ ಎಂದರು. ಆ ತಾಯಿಯ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪೇ ಇರಲಿಲ್ಲ. ಹೆಂಗಸರಲ್ಲಿ 12 ಗ್ರಾಂ ಆದರೂ ಇರಬೇಕಾದ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ‘ಪಿತ್ತ’ವೂ ಇಂಥದ್ದೇ ಪದ. ನಮ್ಮಲ್ಲಿ ವಾಕರಿಕೆಗೂ ತಲೆಸುತ್ತಿಗೂ ಮೈಮೇಲೆ ಏಳುವ ಗಂಧೆಗೂ ಪಿತ್ತವೆನ್ನುತ್ತಾರೆ, ಇಲ್ಲಿನ ಮರಾಠಿ ಮಾತಿನಲ್ಲಿ ಹೆಚ್ಚಾಗಿ ಅದು ಹುಳಿತೇಗು ಮತ್ತು ಎದೆಯುರಿ. (ಹೊಟ್ಟೆಯುರಿಯನ್ನು ಪದಶಃ ಹಿಂದಿಗೆ ತಂದರೆ ಏನಾದೀತೆಂಬುದನ್ನು ನಿಮಗೇ ಬಿಡುತ್ತೇನೆ.) ಆದ್ದರಿಂದ ಕಾಯಿಲೆಯ ಹೆಸರನ್ನು ಅನುವಾದಿಸಲು ಹೋಗಬೇಡಿ, ನಡೆದದ್ದನ್ನು ಹೇಳಿ. “ಹಿಂದಿನ ತಿಂಗಳು ದಾದರ್ ಸ್ಟೇಷನ್ನಿನ ಸೇತುವೆಯನ್ನು ಒಂದೇ ಉಸಿರಿಗೆ ಹತ್ತುತ್ತಿದ್ದರು, ಈಗ ನಡುವೆ ಎರಡು ಸಲ ನಿಲ್ಲುತ್ತಾರೆ” ಎಂಬ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಕೆಡುವುದಿಲ್ಲ.

ಪ್ರಶ್ನೆ: ಜ್ವರ ಬಂದ ಮೂರನೆಯ ದಿನ ಮಗನಿಗೆ ಮಾಡಿಸಿದ ಡೆಂಗಿ ಎನ್‌ಎಸ್1 ಪರೀಕ್ಷೆ ‘ನೆಗೆಟಿವ್’ ಬಂದಿದೆ. ಆದರೂ ಡಾಕ್ಟರರು ಡೆಂಗಿಯೆಂದೇ ನೋಡಿಕೊಳ್ಳುತ್ತಿದ್ದಾರೆ. ಇದು ಸರಿಯೇ?
— ಓದುಗರೊಬ್ಬರು, ಮುಲುಂಡ್

ಉತ್ತರ: ಸರಿಯೇ. ನೆಗೆಟಿವ್ ಎಂದರೆ ಈ ರಕ್ತದಲ್ಲಿ, ಈ ದಿನ, ಹುಡುಕಿದ್ದು ಸಿಗಲಿಲ್ಲ ಎಂದರ್ಥ, ಕಾಯಿಲೆ ಇಲ್ಲವೆಂದಲ್ಲ. ಎನ್‌ಎಸ್1 ವೈರಸ್ಸಿನದೇ ಒಂದು ಪ್ರೋಟೀನ್. ಜ್ವರದ ಮೊದಲ ದಿನಗಳಲ್ಲಿ ಕಾಣುವಂಥದ್ದಾದರೂ ಎಲ್ಲರಲ್ಲೂ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಐದನೆಯ ದಿನದ ಬಳಿಕ, ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಹೆಚ್ಚು ಉಪಯುಕ್ತ. ಜ್ವರ ಇಳಿದ ನಂತರದ ಒಂದೆರಡು ದಿನಗಳೇ ಡೆಂಗಿಯಲ್ಲಿ ಹೆಚ್ಚು ಎಚ್ಚರ ವಹಿಸಬೇಕಾದ ದಿನಗಳು. ಆಗ ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಅಥವಾ ಮಂಪರು ಕಂಡರೆ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.

ಪ್ರಶ್ನೆ: ಚೀಟಿಯಲ್ಲಿ ಪ್ಯಾರಾಸಿಟಮಾಲ್ ಎದುರಿಗೆ ‘ಎಸ್‌ಒಎಸ್’ ಎಂದು ಬರೆದಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ಮಾತ್ರ ತೆಗೆದುಕೊಳ್ಳಬೇಕೇ?
— ಓದುಗರೊಬ್ಬರು, ಠಾಣೆ

ಉತ್ತರ: ಇದು ಮುಳುಗುವ ಹಡಗಿನ ಎಸ್‌ಒಎಸ್ ಅಲ್ಲ. ‘ಅಗತ್ಯ ಬಿದ್ದರೆ’ ಎಂಬ ಲ್ಯಾಟಿನ್ ಮಾತಿನ ಮೊಟಕು ರೂಪ. ಜ್ವರವೋ ನೋವೋ ಇದ್ದರೆ ನುಂಗಿ, ಇಲ್ಲದಿದ್ದರೆ ಬೇಡ. ಎರಡು ಮಾತ್ರೆಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡಿ. ದೊಡ್ಡವರಿಗಾದರೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ಲಿವರ್ ತೊಂದರೆಯಿರುವವರಿಗೆ, ಕುಡಿಯುವ ಅಭ್ಯಾಸವಿರುವವರಿಗೆ ಅದಕ್ಕಿಂತ ಕಡಿಮೆ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯ ಹಿಂಬದಿಯನ್ನೂ ಓದಿ ನೋಡಿ, ಹೆಚ್ಚಿನವುಗಳಲ್ಲಿ ಇದೇ ಪ್ಯಾರಾಸಿಟಮಾಲ್ ಬೇರೆ ಹೆಸರಿನಡಿ ಕುಳಿತಿರುತ್ತದೆ.