ಊರಿನ ಅಳತೆಗೋಲು ಯಾರ ಕೈಯಲ್ಲಿ?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಒಂದು ಊರಲ್ಲಿ ವಯಸ್ಕರ ಸಿನಿಮಾ ಮಾರುವ ಅಂಗಡಿ ಬೋರ್ಡು ಹಾಕಿಕೊಂಡೇ ನಡೆಯುತ್ತಿತ್ತು. ಬೇರೆ ಕಡೆ ಅದೇ ವ್ಯಾಪಾರಕ್ಕೆ ಕೇಸು ಬೀಳುತ್ತದಂತೆ. ದೇಶ ಒಂದೇ, ಸಂವಿಧಾನ ಒಂದೇ. ಯಾವುದು ಅಶ್ಲೀಲ ಅಂತ ಊರಿನವರು ಹೇಳುವುದು ಸರಿಯಾ?’

ಉತ್ತರ: ಇದರ ಬೇರು ಒಂದು ಲಕೋಟೆಯಲ್ಲಿದೆ. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಒಂದು ಊಟದ ಹೋಟೆಲಿನ ಮ್ಯಾನೇಜರು ತಮ್ಮ ತಾಯಿಯ ಜೊತೆ ಕೂತು ಅಂಚೆ ಬಿಚ್ಚಿದರು. ಒಳಗೆ ವಯಸ್ಕರ ಪುಸ್ತಕ, ಸಿನಿಮಾಗಳ ಜಾಹೀರಾತು, ಬಿಚ್ಚು ಚಿತ್ರಗಳ ಸಮೇತ. ಇವರು ಕೇಳಿ ತರಿಸಿದ್ದಲ್ಲ. ಪೊಲೀಸರಿಗೆ ದೂರು ಹೋಯಿತು. ಕಳಿಸಿದವನ ಹೆಸರು ಮಿಲ್ಲರ್. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಲಾಸ್ ವೇಗಸ್, ನ್ಯೂಯಾರ್ಕ್ ಜನ ಸಹಿಸುವುದನ್ನು ಮೇನ್ ಅಥವಾ ಮಿಸಿಸಿಪ್ಪಿ ಜನರೂ ಸಹಿಸಬೇಕು ಎನ್ನಲಾಗದು ಎಂದರು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಕಾಮವನ್ನು ಕೆರಳಿಸುವಂತಿದೆಯೇ, ಅಸಹ್ಯವಾಗಿದೆಯೇ ಅಂತ ಜ್ಯೂರಿ, ಅಂದರೆ ಕೇಸು ತೀರ್ಮಾನಿಸಲು ಆರಿಸಿದ ಸಾಮಾನ್ಯ ಜನರ ಗುಂಪು, ತನ್ನ ಸೀಮೆಯ ಕಣ್ಣಿಂದಲೇ ನೋಡಬಹುದು. ಆದರೆ ಕೃತಿಗೆ ಸಾಹಿತ್ಯದ, ಕಲೆಯ, ರಾಜಕೀಯದ ಅಥವಾ ವಿಜ್ಞಾನದ ಗಂಭೀರ ಬೆಲೆ ಇದ್ದರೆ ಅದು ಅಶ್ಲೀಲವಲ್ಲ. ಆ ಬೆಲೆ ಊರಿಂದೂರಿಗೆ ಬದಲಾಗುವುದಿಲ್ಲ ಎಂದು 1987ರಲ್ಲಿ ಅದೇ ಕೋರ್ಟು ಹೇಳಿತು.

ನೀವು ಕಂಡ ಬೋರ್ಡಿಗೆ ಇನ್ನೊಂದು ಕಾರಣವೂ ಇದ್ದೀತು. ಇಂಥ ಅಂಗಡಿ, ಥಿಯೇಟರುಗಳು ಶಾಲೆ, ಚರ್ಚು, ಮನೆಗಳಿಂದ ಇಷ್ಟು ದೂರ ಇರಬೇಕು ಅಂತ ನಗರಗಳು ನಿಯಮ ಮಾಡಬಹುದು. ರೆಂಟನ್ ಎಂಬ ಊರಿನ 1,000 ಅಡಿ ನಿಯಮವನ್ನು 1986ರಲ್ಲಿ ಕೋರ್ಟು ಒಪ್ಪಿತು. ಅದು ಜಾಗದ ಮಾತು, ಅಶ್ಲೀಲದ್ದಲ್ಲ.

ಸರಿಯಾ ಅಂತ ಕೇಳಿದಿರಿ. ನನಗೆ ಕಾಡುವುದು ಬೇರೆ: ಊರಿನ ಮನಸ್ಸು ಗೊತ್ತಾಗುವುದು ಹೇಗೆ? ಜೋರಾಗಿ ಕೂಗಿದವರಿಂದಲಾ? ಯೂಟಾ ರಾಜ್ಯದ ಪ್ರೋವೊದಲ್ಲಿ ಮಾರ್ಮನ್ ಪಂಥದವರೇ ಜಾಸ್ತಿ, ಮಡಿವಂತ ಸೀಮೆ. ಅಲ್ಲಿ ವೀಡಿಯೊ ಅಂಗಡಿಯವನೊಬ್ಬನ ಮೇಲೆ ಕೇಸು ನಡೆಯಿತು. ಅವನ ವಕೀಲರು ಕೋರ್ಟಿನ ಕಿಟಕಿಯಿಂದ ಹೊರಗೆ ನೋಡಿದರು. ಎದುರಿಗೇ ದೊಡ್ಡ ಹೋಟೆಲು. ಅದರ ರೂಮಿನ ಟಿವಿಯಲ್ಲಿ ಅಂಥವೇ ಸಿನಿಮಾ ದುಡ್ಡಿಗೆ ಸಿಗುತ್ತಿದ್ದವು. ಮನೆಗಳಿಗೆ ಉಪಗ್ರಹ ಟಿವಿಯಲ್ಲಿ ಎಷ್ಟು ಮಾರಾಟವಾಗಿದೆ ಅಂತ ಲೆಕ್ಕ ತರಿಸಿದರು. ಅದೇ ಜಿಲ್ಲೆಯವರು ಬಾಗಿಲು ಹಾಕಿಕೊಂಡು ಸಾಕಷ್ಟು ಕೊಳ್ಳುತ್ತಿದ್ದರು. 2000ದಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು.

ಊರಿನ ಅಳತೆಗೋಲು ನನಗೆ ಒಪ್ಪಿಗೆ, ಆದರೆ ಹೀಗೆ ಅಳೆದರೆ ಮಾತ್ರ. ಇಲ್ಲದಿದ್ದರೆ, ತಾನು ಮಾಡಿದ್ದು ಅಪರಾಧವೋ ಅಲ್ಲವೋ ಅನ್ನುವುದೇ ವ್ಯಾಪಾರಿಗೆ ಜ್ಯೂರಿ ಬಾಯಿ ಬಿಡುವ ತನಕ ಗೊತ್ತಾಗುವುದಿಲ್ಲ. ಜೈಲಿಗೆ ಕಳಿಸುವ ಕಾನೂನು ಹಾಗಿರಬಾರದು, ಅಲ್ವಾ?

ಇದು ನಮಗೆ ದೂರದ ಸಂಗತಿಯೂ ಅಲ್ಲ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಭಾವಿ ಪತ್ನಿಯ ಬೆತ್ತಲೆ ಫೋಟೊ ಅಚ್ಚು ಹಾಕಿದ ಕೋಲ್ಕತ್ತದ ಪತ್ರಿಕೆಗಳ ಕೇಸಿನಲ್ಲಿ, 2014ರಲ್ಲಿ ನಮ್ಮ ಸುಪ್ರೀಂ ಕೋರ್ಟು ಸುಲಭವಾಗಿ ಕೆಡುವ ಮನಸ್ಸನ್ನು ಇದು ಕೆಡಿಸೀತೇ ಎಂದು ಕೇಳುವ ಇಂಗ್ಲೆಂಡಿನ 1868ರ ಹಳೆಯ ಪರೀಕ್ಷೆ ಬಿಟ್ಟು, ಇವತ್ತಿನ ಸಮುದಾಯದ ಮಾನದಂಡ ಹಿಡಿಯಿತು. ಆದರೆ ನಮ್ಮಲ್ಲಿ ಜ್ಯೂರಿ ಇಲ್ಲ. ನಿಮ್ಮ ತಿಪಟೂರಿನ ಮನಸ್ಸು ಏನು ಅನ್ನುವುದನ್ನೂ ನ್ಯಾಯಾಧೀಶರೊಬ್ಬರೇ ಕೂತು ಅಳೆಯಬೇಕು.