ಕಂಪ್ಯೂಟರ್ ಆನ್ ಇರುವಾಗಲೇ ಮೌಸ್, ಪೆನ್‌ಡ್ರೈವ್ ಕಿತ್ತರೆ ಏನಾದರೂ ಹಾಳಾಗುತ್ತದೆಯೇ?

ಯುಎಸ್‌ಬಿ ಮೌಸ್, ಕೀಬೋರ್ಡ್‌ಗಳನ್ನು ಯಾವಾಗ ಬೇಕಾದರೂ ತೆಗೆದು ಬೇರೆಯದನ್ನು ಹಾಕಬಹುದು. ಏನೂ ಆಗುವುದಿಲ್ಲ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್‌ಗಳನ್ನು ಮಾತ್ರ ಸುಮ್ನೆ ಕೀಳಬೇಡಿ, ಮೊದಲು ‘ಇಜೆಕ್ಟ್’ ಒತ್ತಿ.

ಯುಎಸ್‌ಬಿಯನ್ನು ಮಾಡಿದ್ದೇ ಹೀಗೆ ಬಳಸಲಿ ಎಂದು. ಹಳೆಯ ಚಪ್ಪಟೆ ಪ್ಲಗ್ಗಿನ ಒಳಗೆ ಇಣುಕಿ ನೋಡಿ. ಅಂಚಿನ ಎರಡು ಲೋಹದ ಪಟ್ಟಿಗಳು ನಡುವಿನವಕ್ಕಿಂತ ಸ್ವಲ್ಪ ಉದ್ದ ಇರುತ್ತವೆ. ಉದ್ದದವು ಕರೆಂಟಿಗೆ, ಗಿಡ್ಡವು ಡೇಟಾಗೆ. ಹಾಗಾಗಿ ಚುಚ್ಚುವಾಗ ಕರೆಂಟ್ ಮೊದಲು ಸಿಗುತ್ತದೆ, ಕೀಳುವಾಗ ಕೊನೆಗೆ ಹೋಗುತ್ತದೆ. ಎಷ್ಟು ಸರಳ ಉಪಾಯ, ಅಲ್ವಾ?

ಪೆನ್‌ಡ್ರೈವ್‌ನಲ್ಲಿ ಭಯ ಇರುವುದು ಕರೆಂಟಿನದ್ದಲ್ಲ, ಬರವಣಿಗೆಯದ್ದು. ಕಾಪಿ ಮುಗಿಯಿತು ಎಂದು ಪರದೆ ಹೇಳಿದರೂ ಒಂದಿಷ್ಟು ಭಾಗ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರಬಹುದು. ವೇಗ ಸಿಗಲಿ ಎಂದು ಅದು ಹಾಗೆ ಹಿಡಿದಿಟ್ಟು ಆಮೇಲೆ ಬರೆಯುತ್ತದೆ. ಆ ಹೊತ್ತಿಗೆ ಕಿತ್ತರೆ ಫೈಲ್ ಅರ್ಧಂಬರ್ಧ. ಯಾವ ಫೈಲ್ ಎಲ್ಲಿದೆ ಎಂಬ ಒಳಗಿನ ಪಟ್ಟಿಯೇ ಕೆಟ್ಟರೆ ಇಡೀ ಡ್ರೈವ್ ತೆರೆಯದೇ ಹೋಗಬಹುದು. ಇಜೆಕ್ಟ್ ಒತ್ತಿದಾಗ ಉಳಿದದ್ದೆಲ್ಲ ಬರೆದು ಮುಗಿಯುತ್ತದೆ. ವಿಂಡೋಸ್ 10ರ 2018ರ ಅಪ್‌ಡೇಟ್ 1809ರಿಂದ ಹೀಗೆ ಹಿಡಿದಿಡುವುದು ಮೊದಲೇ ಆಫ್ ಆಗಿರುತ್ತದೆ. ಆದರೂ ಯಾವುದೋ ಪ್ರೋಗ್ರಾಂ ಹಿಂದೆ ಬರೆಯುತ್ತಿರಬಹುದು, ಆದ್ದರಿಂದ ನಾನಂತೂ ಇಜೆಕ್ಟ್ ಬಿಡುವುದಿಲ್ಲ.

ಹಳೆಯ ದುಂಡಗಿನ ಪ್ಲಗ್ಗಿನ (ಪಿಎಸ್/2) ಕೀಬೋರ್ಡ್, ಮೌಸ್‌ಗೆ ಈ ಅನುಕೂಲ ಇಲ್ಲ. ಕಂಪ್ಯೂಟರ್ ಆಫ್ ಮಾಡಿಯೇ ಬದಲಿಸಿ. ಕೇಸಿನ ಒಳಗಿನ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮುಟ್ಟುವ ಮುನ್ನವಂತೂ ಪವರ್ ಕೇಬಲ್ಲನ್ನೇ ತೆಗೆದುಬಿಡಿ.